ಇಮ್ಯೂನಿಟಿಗೆ ಯಾವ ಪೆಪ್ಟೈಡ್ ಛಲೋ? ಮೊದ್ಲ ಏರಸಬೇಕೋ ಇಳಸಬೇಕೋ ನೋಡ್ರಿ

ಹೋದ ತಿಂಗಳ ಒಂದ ವಾರದಾಗ ಮೂರು ಮಂದಿ ಬಂದು ಒಂದ ಪ್ರಶ್ನೆ ಕೇಳಿದ್ರು. ಹುಬ್ಬಳ್ಳಿ ವಿದ್ಯಾನಗರದಾಗ ನಂದೊಂದು ಸಣ್ಣ ಮೆಡಿಕಲ್ ಅಂಗಡಿ ಐತಿ, ಹತ್ತೊಂಬತ್ತು ವರ್ಷ ಆತು ಕೌಂಟರ್ ಹಿಂದ ನಿಂತು, ಆದ್ರ ಇಂಥಾ ವಾರ ನಾ ನೋಡಿದ್ದಿಲ್ಲ.

ಮೊದ್ಲ ಬಂದಾಂವ ಒಬ್ಬ ಹುಡುಗ ಪೈಲ್ವಾನ, ಹಾವೇರಿ ಕಡ್ಯಾಂವ, ಇಲ್ಲೇ ರೂಮ್ ಮಾಡ್ಕೊಂಡು ತಾಲೀಮು ಮಾಡ್ತಾನ. ಭುಜ ಹಿಡದು ನಾಕ ತಿಂಗಳಾತು, "ಅಣ್ಣಾ, ಬಿಪಿಸಿ ಸಿಗ್ತೈತೇನ್ರಿ, ಇಲ್ಲಾ ಟಿಬಿ-500?" ಅಂದ. ಎರಡ ದಿವಸ ಬಿಟ್ಟು ಗದಗಿಂದ ಒಬ್ಬ ಅಕ್ಕಾರು, ಸಂದು ಬಾವು ಬರೋ ರುಮಟಾಯ್ಡ್ ಆರ್ಥ್ರೈಟಿಸ್ ಅವರಿಗೆ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಗುಳಿಗಿ ತಗೊಳ್ತಾರ. ಬೆಂಗಳೂರಾಗಿರೋ ತಂಗಿ ಮಗ ಫೋನಿನ್ಯಾಗ "ದೊಡ್ಡವ್ವ, ಥೈಮೊಸಿನ್ ಆಲ್ಫಾ ಹಾಕ್ಸ್ಕೊ, ಇಮ್ಯೂನಿಟಿ ಗಟ್ಟಿ ಆಗ್ತದ, ಆ ಗುಳಿಗಿ ಬಿಡಬಹುದು" ಅಂದಾನಂತ. ಮೂರನೇದಾಂವ ನಮ್ಮ ಬ್ಯಾಡಗಿ ಕಾಕಾ, ಮೆಣಸಿನಕಾಯಿ ದಲ್ಲಾಳಿ, ವಯಸ್ಸು ಅರವತ್ತೆಂಟು, ಸೀಸನ್ ಬಂತಂದ್ರ ಘಾಟಿನ್ಯಾಗ ನಿಂತು ನಿಂತು ಕೆಮ್ಮು, ಎರಡ ಸಲ ನ್ಯುಮೋನಿಯಾ ಆಗೈತಿ. "ಏನಾರ ಪೆಪ್ಟೈಡ್ ಅಂತ ಬಂದಾವಂತಲ್ಲೋ, ರೊಕ್ಕದ ಚಿಂತಿ ಬ್ಯಾಡ, ಛಲೋದು ಕೊಡು" ಅಂದ್ರು.

ಮೂರೂ ಮಂದಿಗೆ ಬ್ಯಾರೆ ಬ್ಯಾರೆ ಬ್ಯಾನಿ, ಆದ್ರ ಕೈಯಾಗಿನ ಫೋನಿನ್ಯಾಗ ಒಂದ ಪಟ್ಟಿ: ಥೈಮೊಸಿನ್ ಆಲ್ಫಾ-1, ಬಿಪಿಸಿ-157, ಕೆಪಿವಿ, ಎಲ್‌ಎಲ್-37, ಟಿಬಿ-500, ವಿಐಪಿ. ಎಲ್ಲಾದರ ಮುಂದೂ ಬರದದ್ದು ಒಂದ, "ಇಮ್ಯೂನಿಟಿ ಮತ್ತು ಇನ್‌ಫ್ಲಮೇಶನ್". ಇನ್‌ಫ್ಲಮೇಶನ್ ಅಂದ್ರ ಬಾವು. ಅದಕ್ಕ ಇದನ್ನ ಬರ್ಯಾಕತ್ತೀನಿ, ದಿನಾ ಕೌಂಟರಿನ್ಯಾಗ ಅರ್ಧ ತಾಸು ಮಾತಾಡಿ ಹಿಂದಿನ ಗಿರಾಕಿ ಕಡೆ ಬೈಸ್ಕೊಳ್ಳೋದು ಸಾಕಾಗೈತಿ.

ಪೆಪ್ಟೈಡ್ ಅಂದ್ರ ಏನು ಅಂತ ಎರಡ ಮಾತಿನ್ಯಾಗ ಹೇಳಿ ಮುಗಸ್ತೀನಿ. ಬ್ಯಾಳ್ಯಾಗಿನ ಪ್ರೊಟೀನು ಉದ್ದನ ಮಣಿಸರ ಇದ್ದಂಗ, ಅಮೈನೊ ಆಸಿಡ್ ಅನ್ನೋ ಮಣಿ ಪೋಣಿಸಿದ್ದು. ಸರ ಗಿಡ್ಡ ಇದ್ರ ಪೆಪ್ಟೈಡ್. ನಮ್ಮ ಫ್ರಿಜ್ಜಿನ್ಯಾಗ ದಿನಾ ಇರೋ ಇನ್ಸುಲಿನ್ನೂ ಅದ ಜಾತಿ, 51 ಮಣಿ, 1922ರಾಗ ಮನಷ್ಯಾಗ ಮೊದ್ಲ ಕೊಟ್ಟಿದ್ದು. ಅಂದ್ರ ಪೆಪ್ಟೈಡ್ ಅನ್ನೋದು ಹೊಸಾ ಜಾದೂನೂ ಅಲ್ಲ, ಒಂದ ಔಷಧದ ಹೆಸರೂ ಅಲ್ಲ. "ನಂಗೊಂದು ಪೆಪ್ಟೈಡ್ ಕೊಡ್ರಿ" ಅಂದ್ರ ಕಿರಾಣಿ ಅಂಗಡ್ಯಾಗ ಹೋಗಿ "ನಂಗೊಂದು ಪುಡಿ ಕೊಡ್ರಿ" ಅಂದಂಗ, ಅರಿಷಿಣಾನೋ ಖಾರಾನೋ ಬಟ್ಟಿ ಸೋಡಾನೋ ಯಾಂವಗ ಗೊತ್ತು.

ಆರಸೋ ಮೊದ್ಲ ನಾ ಏನ್ ನೋಡ್ತೀನಿ

ನಂದು ಮೊದಲನೇ ಪ್ರಶ್ನೆ, ನಿಮ್ಮ ಇಮ್ಯೂನಿಟಿ ಏರಸಬೇಕೋ ಇಳಸಬೇಕೋ? ಇದೊಂದು ತಿಳದ್ರ ಅರ್ಧ ಪಟ್ಟಿ ತಾನ ಹಾರಿ ಹೋಗ್ತೈತಿ. ಕಾಕಾನಂಗ ಪದೇ ಪದೇ ಸೋಂಕು ಹತ್ತೋರಿಗೆ ಇಮ್ಯೂನಿಟಿ ಅನ್ನೋ ಕಾವಲುಗಾರ ನಿದ್ದಿ ಹೊಡ್ಯಾಕತ್ತಾನ, ಎಬ್ಬಿಸಬೇಕು. ಗದಗಿನ ಅಕ್ಕಾರಿಗೆ ಕಾವಲುಗಾರಗ ತಲಿ ಕೆಟ್ಟು ಮನ್ಯಾಗಿನ ಮಂದೀನ ಬಡ್ಯಾಕತ್ತಾನ, ಅಂವನ ಕೈಯಾಗ ಇನ್ನೊಂದು ಬಡಿಗಿ ಕೊಟ್ರ ಹೆಂಗ? ಪೈಲ್ವಾನ ಹುಡುಗಗ ಈ ಎರಡೂ ಅಲ್ಲ, ಅಂವಂದು ಸ್ನಾಯು ಎಳದ ಗಾಯ, ಮಾಯಬೇಕು. ಇಮ್ಯೂನಿಟಿ ಹೆಚ್ಚಸೋದು, ಬಾವು ಇಳಸೋದು, ಗಾಯ ಮಾಯಸೋದು ಮೂರೂ ಬ್ಯಾರೆ ಕೆಲಸ. ಮಾರೋರು ಮೂರನ್ನೂ ಒಂದ ಚೀಲದಾಗ ತುಂಬ್ಯಾರ.

ಎರಡನೇದು, ಮನಷ್ಯಾರ ಮ್ಯಾಲೆ ನೋಡ್ಯಾರೋ, ಬರೇ ಇಲಿ ಮ್ಯಾಲೆ ನೋಡ್ಯಾರೋ. ನೋಡಿದ್ರ ಎಷ್ಟು ಮಂದಿ, ಔಷಧ ಇಲ್ಲದ ಸೂಜಿ ಕೊಟ್ಟ ಇನ್ನೊಂದು ಗುಂಪು ಇತ್ತೋ ಇಲ್ಲೋ. "ಸ್ಟಡಿ ಆಗೈತಿ" ಅಂದ್ರ "ಖರೆ ಅಂತ ತೋರಿಸ್ಯಾರ" ಅಂತಲ್ರಿ, ಪರೀಕ್ಷೆಗೆ ಕುಂತೋರೆಲ್ಲಾ ಪಾಸ್ ಆಗಂಗಿಲ್ಲ, ಧಾರವಾಡದಾಗ ರೂಮ್ ಮಾಡ್ಕೊಂಡು ಓದೋ ಹುಡುಗೂರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ.

ಮೂರನೇದು ಬಾಟ್ಲಿ ಎಲ್ಲಿಂದ ಬಂತು. ಔಷಧ ಅಂತ ಮಾರಿದ್ರ ಮ್ಯಾಲೆ ಲೈಸೆನ್ಸ್ ನಂಬರು, ಬ್ಯಾಚು, ತಯಾರಿ ತಾರೀಖು, ಎಕ್ಸ್‌ಪೈರಿ, ತಯಾರಿಸ್ದೋರ ವಿಳಾಸ ಇರಲೇಬೇಕು. "ರಿಸರ್ಚ್ ಸಲುವಾಗಿ ಮಾತ್ರ" ಅಂತ ಚೀಟಿ ಅಂಟಿಸಿದ್ರ ಅದರ ಅರ್ಥ, ಇದನ್ನ ನಿನ್ನ ಮೈಗೆ ಚುಚ್ಕೊಂಡ್ರ ನಾವು ಜವಾಬ್ದಾರರಲ್ಲ ಅಂತ. 99 ಪರ್ಸೆಂಟ್ ಶುದ್ಧ ಅಂತ ಒಂದ ಕಾಗದ ತೋರಿಸ್ತಾರ, ಆ ಪರೀಕ್ಷೆ ಒಳಗಿನ ಪುಡಿ ಎಷ್ಟು ಅದ ಪೆಪ್ಟೈಡು ಅಂತ ಹೇಳ್ತೈತಿ, ಬ್ಯಾಕ್ಟೀರಿಯಾದ ವಿಷ ಅದರಾಗ ಐತೋ ಇಲ್ಲೋ, ಬಾಟ್ಲಿ ಸ್ಟೆರೈಲ್ ಐತೋ ಇಲ್ಲೋ ಅಂತ ಹೇಳಂಗಿಲ್ಲ. ಅದಕ್ಕ ಬ್ಯಾರೆ ಪರೀಕ್ಷೆ, ಆ ಕಾಗದ ಕೇಳಿದ್ರ ಯಾರೂ ತಿರುಗಿ ಉತ್ತರ ಕೊಡಂಗಿಲ್ಲ.

ಇನ್ನ ರೊಕ್ಕ, ಫ್ರಿಜ್ಜು, ಸೂಜಿ. ಭಾಳಷ್ಟು ಪೆಪ್ಟೈಡ್ ಬಾಯಿಲೆ ತಗೊಂಡ್ರ ಹೊಟ್ಟಿ ಅದನ್ನ ಬ್ಯಾಳಿ ಕರಗಿಸಿದಂಗ ಕರಗಿಸಿ ಬಿಡ್ತೈತಿ, ಅದಕ್ಕ ಚುಚ್ಚಬೇಕು. ಪುಡಿ ಬಾಟ್ಲಿ ಬರ್ತೈತಿ, ನೀವು ನೀರು ಹಾಕಿ ಕಲಸಬೇಕು, ಇನ್ಸುಲಿನ್ ಸಿರಿಂಜಿಲೆ ಎಳೀಬೇಕು. ಇಲ್ಲಿ ಒಂದ ಮಾತು, ಇದನ್ನ ಯಾವ ವಿಡಿಯೋದಾಗೂ ಹೇಳಂಗಿಲ್ಲ. ವಿಡಿಯೋದಾಗ ಹೊರದೇಶದಾಂವ "ಹತ್ತು ಯೂನಿಟ್ ಎಳೀರಿ" ಅಂತಾನ, ಅಂವನ ಕೈಯಾಗ ಇರೋದು ಯು-100 ಸಿರಿಂಜು, ಅಂದ್ರ ಒಂದ ಎಂಎಲ್ಲಿಗೆ ನೂರು ಯೂನಿಟ್ ಗೆರಿ. ನಮ್ಮ ಕಡೆ ಅಂಗಡ್ಯಾಗ ಕೆಂಪು ಟೋಪಿದು ಯು-40 ಸಿರಿಂಜೂ (ಎಂಎಲ್ಲಿಗೆ ನಲವತ್ತ ಗೆರಿ) ಸಿಗ್ತೈತಿ, ಕಿತ್ತಳೆ ಟೋಪಿದು ಯು-100. ಕೆಂಪು ಟೋಪಿದರಾಗ ಹತ್ತು ಯೂನಿಟ್ ಎಳದ್ರ ಒಳಗ ಹೋಗೋದು ಎರಡೂವರೆ ಪಟ್ಟು. ಇನ್ಸುಲಿನ್ ತಗೊಳ್ಳೋರ ಮನ್ಯಾಗ ಈ ತಪ್ಪು ಆಗಿದ್ದನ್ನ ನಾ ಕಣ್ಣಾರೆ ನೋಡೀನಿ, ಅದರಾಗ ಡಾಕ್ಟ್ರು ಬರದು ಕೊಟ್ಟಿದ್ದಾರ, ಲೇಬಲ್ ಐತಿ. ಇದರಾಗ ಅದೂ ಇಲ್ಲ.

ಕಡೀಕ, ಮೈಯಾಗ ಮತ್ತೇನ ಐತಿ ಅನ್ನೋದು. ಕ್ಯಾನ್ಸರ್ ಆಗಿ ಹೋಗಿದ್ರ, ಬಸರಿದ್ರ, ಹಾಲುಣಸಾಕತ್ತಿದ್ರ, ಕಿಡ್ನಿ ಬದಲಿ ಮಾಡಸ್ಕೊಂಡಿದ್ರ, ಕಾಂಪಿಟಿಶನ್ ಆಡೋರಿದ್ರ, ಒಬ್ಬೊಬ್ಬರಿಗೆ ಒಂದೊಂದು ಬಾಗಿಲಾ ಬಂದ್.

ಥೈಮೊಸಿನ್ ಆಲ್ಫಾ-1

ಪಟ್ಟಿಯೊಳಗ ಎಲ್ಲಾಕಿಂತ ಹೆಚ್ಚು ಕಾಗದಪತ್ರ ಇರೋದು ಇದಕ್ಕ, ಅದಕ್ಕ ಇದರ ಮ್ಯಾಲೆ ಜರಾ ಜಾಸ್ತಿ ಹೊತ್ತು ನಿಲ್ತೀನಿ. ಎದಿ ಎಲುಬಿನ ಹಿಂದ ಥೈಮಸ್ ಅನ್ನೋ ಗ್ರಂಥಿ ಇರ್ತೈತಿ, ಟಿ-ಸೆಲ್ ಅನ್ನೋ ಸಿಪಾಯಿಗಳಿಗೆ ತಾಲೀಮು ಕೊಡೋ ಗರಡಿಮನಿ ಅನ್ರಿ. ಸಣ್ಣವರಿದ್ದಾಗ ದೊಡ್ಡದಿರ್ತೈತಿ, ವಯಸ್ಸಾದಂಗ ಕುಗ್ಗಿ ಕೊಬ್ಬಾಗ್ತೈತಿ. ಅಮೆರಿಕಾದ ಆಲನ್ ಗೋಲ್ಡ್‌ಸ್ಟೈನ್ ಮತ್ತ ಅವರ ಜೋಡಿ ಕೆಲಸ ಮಾಡ್ದೋರು ಕರುವಿನ ಥೈಮಸ್ಸಿಂದ ಇದನ್ನ ಬ್ಯಾರೆ ಮಾಡಿ 1977ರಾಗ ಅದರ 28 ಮಣಿ ಲೆಕ್ಕಾ ಹಾಕಿ ತೋರಿಸಿದ್ರು. ಝಡಾಕ್ಸಿನ್ ಅನ್ನೋ ಹೆಸರಿಲೆ ಭಾಳ ದೇಶದಾಗ ಹೆಪಟೈಟಿಸ್ ಬಿ ಸಲುವಾಗಿ ಒಪ್ಪಿಗಿ ಸಿಕ್ಕೈತಿ, ಅಮೆರಿಕಾದಾಗ ಸಿಕ್ಕಿಲ್ಲ.

ಸರಿ, ಹಂಗಾರ ಕಾಕಾಗ ಇದ ಆತಲ್ಲ? ಇಲ್ಲೆ ತಡೀರಿ. ಹೆಪಟೈಟಿಸಿಗೆ ಕೊಡೋ ಪದ್ಧತಿ ವಾರಕ್ಕ ಎರಡ ಸೂಜಿ, ಆರು ತಿಂಗಳು. ಲೆಕ್ಕಾ ಹಾಕ್ರಿ, 52 ಸೂಜಿ, ಒಂದೊಂದಕ್ಕ ಸಾವಿರದ ಮ್ಯಾಲೆ ಹೋದ್ರ ಒಂದ ಎಮ್ಮಿ ಬರ್ತೈತಿ, ಎರಡ ಬಂದ್ರೂ ಬಂತು. ಅದೂ ಈಗ ಹೆಪಟೈಟಿಸ್ ಬಿಗೆ ಟೆನೊಫೊವಿರ್ ಗುಳಿಗಿ ಐತಿ, ಸಿ ಅಂತೂ ಮೂರ ತಿಂಗಳ ಗುಳಿಗಿಗೆ ಪೂರಾ ವಾಸಿ ಆಗ್ತೈತಿ, 2018ರಿಂದ ಸರ್ಕಾರದ ಹೆಪಟೈಟಿಸ್ ಕಾರ್ಯಕ್ರಮದಾಗ ಇವು ಪುಕ್ಕಟೆ. ಅಂದ್ರ ಯಾವ ಕೆಲಸಕ್ಕ ಈ ಸೂಜಿ ಗಟ್ಟಿ ಹೆಸರು ಮಾಡ್ತೋ ಆ ಕೆಲಸನ ಗುಳಿಗಿ ಕಸ್ಕೊಂಡಾವ.

ಸೆಪ್ಸಿಸ್ ಅಂತ, ಸೋಂಕು ರಕ್ತಕ್ಕ ಏರಿ ಐಸಿಯು ಸೇರೋದು, ಅದರ ಕಥಿ ಕೇಳ್ರಿ. ಚೀನಾದಾಗ 2013ರಾಗ 361 ಮಂದಿ ಮ್ಯಾಲೆ ನೋಡಿದಾಗ, ಈ ಸೂಜಿ ತಗೊಂಡೋರೊಳಗ 28 ದಿವಸಕ್ಕ ತೀರ್ಕೊಂಡೋರು ನೂರಕ್ಕ 26, ತಗೊಳ್ಳದೋರೊಳಗ 35. ಎಲ್ಲಾರೂ ಬೆರಗಾದ್ರು, ಛಲೋ ಐತಲ್ಲಪಾ ಅಂದ್ರು. ಆಮ್ಯಾಲೆ ಅದ ಚೀನಾದಾಗ 22 ದವಾಖಾನಿಯೊಳಗ ಸಾವಿರದ ನೂರಾ ಆರು ಮಂದಿ ಮ್ಯಾಲೆ, ಯಾರಿಗೆ ಖರೇ ಔಷಧ ಯಾರಿಗೆ ಬರೇ ನೀರು ಅಂತ ಡಾಕ್ಟ್ರಿಗೂ ಗೊತ್ತಿಲ್ಲದಂಗ ಮಾಡಿ ನೋಡಿದ್ರು, 2025ರಾಗ ಬ್ರಿಟಿಷ್ ಮೆಡಿಕಲ್ ಜರ್ನಲಿನ್ಯಾಗ ಬಂತು: 23.4 ಮತ್ತ 24.1. ಫರಕ ಇಲ್ಲ ಅಂತನ ಲೆಕ್ಕ. ನಾ ಈ ಎರಡ ಜೋಡಿ ನಂಬರು ಒಂದ ಚೀಟಿ ಮ್ಯಾಲೆ ಬರದು ಕೌಂಟರಿಗೆ ಅಂಟಿಸೀನಿ, "ಸ್ಟಡಿ ಐತ್ರಿ" ಅಂತ ಯಾರರ ಬಂದ್ರ ಬೆರಳ ಮಾಡಿ ತೋರಿಸ್ತೀನಿ. ಸಣ್ಣ ಪರೀಕ್ಷೆ ಆಸೆ ಹುಟ್ಟಸ್ತೈತಿ, ದೊಡ್ಡದು ಲೆಕ್ಕಾ ಚುಕ್ತಾ ಮಾಡ್ತೈತಿ.

ಹಂಗಂತ ಇದು ಕೆಟ್ಟ ಔಷಧ ಅಂತ ನಾ ಅನ್ನಂಗಿಲ್ಲ. ವರ್ಷಾನುಗಟ್ಟಲೆ ಬಳಸ್ಯಾರ, ಚುಚ್ಚಿದಲ್ಲಿ ಜರಾ ಕೆಂಪಾಗೋದು ಬಿಟ್ರ ದೊಡ್ಡ ತ್ರಾಸು ಕಮ್ಮಿ. ಪಟ್ಟಿಯೊಳಗ ಡಾಕ್ಟ್ರು ಬರದು ಕೊಟ್ರ ಒಪ್ಕೊಳ್ಳೋ ಹಂಗ ಇರೋದು ಇದೊಂದ. ಆದ್ರ ಗದಗಿನ ಅಕ್ಕಾರಿಗೆ? ಇಮ್ಯೂನಿಟಿ ಬೇಕಂತ ಇಳಿಸಿರೋರಿಗೆ, ಅಂದ್ರ ಕಿಡ್ನಿ ಬದಲಿ ಮಾಡಸ್ಕೊಂಡೋರಿಗೆ, ಇದನ್ನ ಕೊಡಬಾರದು ಅಂತ ಔಷಧದ ಕಾಗದದಾಗನ ಬರದೈತಿ. ಅಕ್ಕಾರೂ ಮೆಥೊಟ್ರೆಕ್ಸೇಟ್ ತಗೊಳ್ಳೋದು ಕಾವಲುಗಾರನ ಸುಮ್ಮ ಕುಂಡ್ರಸಾಕ. ಒಂದ ಕೈಲೆ ಬ್ರೇಕು ಒತ್ತಿ ಇನ್ನೊಂದ ಕೈಲೆ ಎಕ್ಸಲೇಟರ್ ತಿರುವಿದ್ರ ಗಾಡಿ ಏನಾಗ್ತೈತಿ ಅಂತ ಕೇಳ್ದೆ, ನಕ್ರು, ತಂಗಿ ಮಗಗ ನಾನ ಹೇಳ್ತೀನಿ ಬಿಡಪಾ ಅಂದ್ರು.

ಬಿಪಿಸಿ-157, ಜಿಮ್ ಹುಡುಗೂರ ಕುಲದೇವರು

ಇದರ ಬಗ್ಗೆ ಬರ್ಯಾಕ ನಂಗ ಹಕ್ಕೈತಿ, ಯಾಕಂದ್ರ ನಾನೂ ಬಿದ್ದೀನಿ. ಎರಡ ವರ್ಷದ ಹಿಂದ ಸಲಾಯಿನ್ ಬಾಕ್ಸ್ ಎತ್ತಿ ಎತ್ತಿ ಬಲಗೈ ಮೊಣಕೈ ಹಿಡಕೊಂತು, ಚಾದ ಕಪ್ಪು ಎತ್ತಾಕ ಬರ್ತಿದ್ದಿಲ್ಲ. ಔಷಧದ ಅಂಗಡಿ ಇಟ್ಕೊಂಡಾಂವ ಆನ್‌ಲೈನಿನ್ಯಾಗ ನಾಕ ಸಾವಿರದ ಮ್ಯಾಲೆ ಕೊಟ್ಟು ಒಂದ ಬಾಟ್ಲಿ ತರಸ್ದೆ, ನಾಚಿಕಿ ಆಗ್ತೈತಿ ಹೇಳಾಕ. ಬಂದದ್ದು ಏಪ್ರಿಲ್ ಕಡೀ ವಾರ, ನಮ್ಮೂರ ಬಿಸಲು ನಿಮಗ ಗೊತ್ತಲ್ಲ, ಕೊರಿಯರ್ ಹುಡುಗ ಬೈಕಿನ ಬ್ಯಾಗಿನ್ಯಾಗ ಇಟ್ಕೊಂಡು ಮಧ್ಯಾಹ್ನ ಎರಡಕ್ಕ ತಂದ. ಐಸ್ ಇಲ್ಲ, ಬ್ಯಾಚ್ ಇಲ್ಲ, ಬಾಟ್ಲಿ ಮ್ಯಾಲೆ ಬರೇ ಹೆಸರು ಮತ್ತ 5 ಎಂಜಿ. ನಾನ ದಿನಾ ಇನ್ಸುಲಿನ್ ಕೊಡುವಾಗ "ಎರಡರಿಂದ ಎಂಟ ಡಿಗ್ರಿಯೊಳಗ ಇಡ್ರಿ" ಅಂತ ಸಾರಿ ಸಾರಿ ಹೇಳ್ತೀನಿ. ಕೌಂಟರ್ ಮ್ಯಾಲಿಟ್ಟು ಹತ್ತ ನಿಮಿಷ ನೋಡ್ದೆ, ಆಮ್ಯಾಲೆ ಕಸದ ಡಬ್ಬಿಗೆ ಹಾಕ್ದೆ. ಮೊಣಕೈ ವಾಸಿ ಆಗಿದ್ದು ಫಿಸಿಯೋಥೆರಪಿಲೆ, ಎರಡ ಲೀಟರ್ ನೀರಿನ ಬಾಟ್ಲಿ ಹಿಡದು ಸಾವಕಾಶ ಕೈ ಇಳಿಬಿಡೋ ವ್ಯಾಯಾಮ, ಹನ್ನೊಂದ ವಾರ ಹಿಡೀತು.

ಈಗ ಔಷಧದ ಮಾತಿಗೆ ಬರೂಣು. ಬಿಪಿಸಿ ಅಂದ್ರ 15 ಮಣಿ ಸರ, ಮನಷ್ಯಾನ ಹೊಟ್ಟಿ ರಸದಾಗಿನ ಪ್ರೊಟೀನಿನ ತುಣುಕು ಅಂತಾರ, ಕ್ರೊಯೇಶಿಯಾದ ಝಾಗ್ರೆಬ್ಬಿನ್ಯಾಗ ಪ್ರೆಡ್ರಾಗ್ ಸಿಕಿರಿಚ್ ಅವರ ತಂಡ ಮೂವತ್ತು ವರ್ಷದ ಮ್ಯಾಲಾತು ಇದರ ಹಿಂದ ಬಿದ್ದೈತಿ. ಇಲಿಯೊಳಗ ಹರದ ಸ್ನಾಯು, ಹೊಟ್ಟಿ ಹುಣ್ಣು, ಕರುಳಿನ ಬಾವು, ಎಲ್ಲಾ ಲಗೂನ ಮಾಯ್ತು ಅಂತ ರಾಶಿ ರಾಶಿ ಕಾಗದ ಅದಾವ. ಮನಷ್ಯಾರ ಕಡೆ ಬಂದ್ರ ಕೈಬೆರಳಿಲೆ ಎಣಿಸೋ ಅಷ್ಟು, ಅವೂ ಹತ್ತು ಹದಿನೈದು ಮಂದಿವು, ಹೋಲಿಸಾಕ ಇನ್ನೊಂದು ಗುಂಪಿಲ್ಲದವು. ಭುಜ ನೋವು ನಾಕ ತಿಂಗಳಿಗೆ ತಾನ ಕಮ್ಮಿ ಆಗೋದು ಭಾಳ ಸಲ ಐತಿ, ಆಗ ಯಶಸ್ಸು ಬಾಟ್ಲಿಗೆ ಹೋಗ್ತೈತಿ.

ಇನ್ನೊಂದು ಅಂಜಿಕಿ, ಇದು ಹೊಸಾ ರಕ್ತನಾಳ ಬೆಳಸ್ತೈತಿ ಅಂತ ಇಲಿಯೊಳಗ ಕಂಡೈತಿ. ಗಾಯಕ್ಕ ಅದು ಛಲೋ, ಆದ್ರ ಕ್ಯಾನ್ಸರ್ ಗಡ್ಡಿಗೂ ರಕ್ತ ಬೇಕಲ್ರಿ. ಮನಷ್ಯಾರಿಗೆ ಇದರಿಂದ ಕ್ಯಾನ್ಸರ್ ಆತು ಅಂತ ಯಾರೂ ತೋರಿಸಿಲ್ಲ, ಆಗಂಗಿಲ್ಲ ಅಂತಾನೂ ತೋರಿಸಿಲ್ಲ. ಕ್ಯಾನ್ಸರ್ ಆಗಿ ಹೋದೋರು ಇದರ ಹತ್ರ ಸುಳೀಬ್ಯಾಡ್ರಿ ಅಂತೀನಿ ನಾ. ಅಮೆರಿಕಾದಾಗ ಔಷಧಕ್ಕ ಒಪ್ಪಿಗಿ ಕೊಡೋ ಎಫ್‌ಡಿಎ 2023ರಾಗ ಬಿಪಿಸಿ, ಕೆಪಿವಿ, ಎಲ್‌ಎಲ್-37 ಎಲ್ಲಾನೂ ಸುರಕ್ಷತೆದ್ದು ಶಂಕಾ ಐತಿ ಅನ್ನೋ ಪಟ್ಟಿಗೆ ಹಾಕಿತ್ತು.

ಪೈಲ್ವಾನ ಹುಡುಗಗ ಇದಕ್ಕಿಂತ ದೊಡ್ಡ ಮಾತು ಇನ್ನೊಂದೈತಿ. 2022ರಿಂದ ಬಿಪಿಸಿ-157 ವಾಡಾ ಅನ್ನೋ ಜಾಗತಿಕ ಉದ್ದೀಪನ ಔಷಧ ತಡೆ ಸಂಸ್ಥೆಯ ನಿಷೇಧದ ಪಟ್ಟಿಯೊಳಗ ಐತಿ, ಆಟದ ದಿವಸ ಅಷ್ಟ ಅಲ್ಲ, ವರ್ಷಪೂರ್ತಿ. ಜಾತ್ರಿ ಕುಸ್ತಿಯೊಳಗ ಯಾರೂ ಉಚ್ಚಿ ಪರೀಕ್ಷೆ ಮಾಡಂಗಿಲ್ಲ ಖರೆ, ರಾಜ್ಯ ದಾಟಿ ನ್ಯಾಷನಲ್ ಅಂತ ಹೋದ್ರ ಅದ ಕೆಲಸ ನಮ್ಮ ದೇಶದಾಗ ಮಾಡೋ ನಾಡಾದೋರು ಬರ್ತಾರ, ಆವಾಗ "ಗೊತ್ತಿದ್ದಿಲ್ರಿ" ಅಂದ್ರ ನಡ್ಯಂಗಿಲ್ಲ.

ಟಿಬಿ-500 ಬಗ್ಗೆನೂ ಇಲ್ಲೇ ಮುಗಸ್ತೀನಿ. ಥೈಮೊಸಿನ್ ಬೀಟಾ-4 ಅನ್ನೋ 43 ಮಣಿ ಪೆಪ್ಟೈಡಿನ ಒಂದ ತುಣುಕಿನ ಹೆಸರಿಲೆ ಮಾರ್ತಾರ. ಆಲ್ಫಾ ಬೀಟಾ ಅಂತ ಹೆಸರು ಕೇಳಿ ಅಣ್ಣ ತಮ್ಮ ಅನ್ಕೋಬ್ಯಾಡ್ರಿ, ಒಂದ ಗ್ರಂಥಿಯೊಳಗ ಸಿಕ್ಕಿದ್ವು ಅಂತ ಹೆಸರಷ್ಟ ಕೂಡೈತಿ, ಕೆಲಸ ಪೂರಾ ಬ್ಯಾರೆ. ಆಸ್ಟ್ರೇಲಿಯಾದಾಗ ಎಸೆಂಡನ್ ಅನ್ನೋ ಫುಟ್‌ಬಾಲ್ ಕ್ಲಬ್ಬಿನ 34 ಆಟಗಾರರು 2016ರಾಗ ಪೂರಾ ಸೀಸನ್ ಹೊರಗ ಕುಂತಿದ್ದು ಈ ಥೈಮೊಸಿನ್ ಬೀಟಾ-4 ಸಲುವಾಗಿ. ಅವರಿಗೆ ಕ್ಲಬ್ಬಿನೋರ ಕೊಟ್ಟಿದ್ರು, ಆದ್ರೂ ಶಿಕ್ಷೆ ಆಟಗಾರರಿಗೆ. ಹುಡುಗಗ ಈ ಕಥಿ ಹೇಳಿದಾಗ ಮುಖ ಸಪ್ಪಗಾತು.

ಕೆಪಿವಿ, ಎಲ್‌ಎಲ್-37, ವಿಐಪಿ

ಕೆಪಿವಿ ಕೇಳಿದ್ದು ಧಾರವಾಡದಿಂದ ಮೆಸೇಜ್ ಮಾಡಿದ ಒಬ್ಬ ಹುಡುಗಿ, ಅಲ್ಸರೇಟಿವ್ ಕೊಲೈಟಿಸ್ ಐತಿ, ಅಂದ್ರ ದೊಡ್ಡ ಕರಳಿನ ಬಾವು, ರಕ್ತ ಬೀಳ್ತೈತಿ. ಕೆಪಿವಿ ಬರೇ ಮೂರು ಮಣಿ, ಲೈಸಿನ್ ಪ್ರೊಲಿನ್ ವ್ಯಾಲಿನ್, ಆಲ್ಫಾ-ಎಂಎಸ್‌ಎಚ್ ಅನ್ನೋ 13 ಮಣಿ ಹಾರ್ಮೋನಿನ ಬಾಲ. ಇದರ ವಿಚಾರ ನಂಗ ಖರೇನ ಆಸಕ್ತಿ ಹುಟ್ಟಸ್ತೈತಿ. ಎರಡ ಮೂರ ಮಣಿ ತುಣುಕುಗಳನ್ನ ಒಳಗ ಎಳಕೊಳ್ಳೋ ಒಂದ ಬಾಗಿಲಾ ಕರಳಿನ ಗ್ವಾಡಿಯೊಳಗ ಇರ್ತೈತಿ, ಪೆಪ್‌ಟಿ-1 ಅಂತಾರ, ಬಾವು ಬಂದ ಕರಳಿನ್ಯಾಗ ಅದು ಹೆಚ್ಚು ಕಾಣಸ್ಕೊಳ್ತೈತಿ, ಅದಕ್ಕ ಬಾಯಿಲೆ ಕೊಟ್ರೂ ಬ್ಯಾನಿ ಇದ್ದ ಜಾಗಕ್ಕ ಹೋಗಿ ಮುಟ್ಟಬಹುದು ಅನ್ನೋ ಲೆಕ್ಕ. 2008ರಾಗ ಇಲಿಯೊಳಗ ಕೊಲೈಟಿಸ್ ಕಮ್ಮಿ ಆಗಿದ್ದು ಕಂಡೈತಿ. ಗಾಡಿ ಅಲ್ಲೇ ನಿಂತೈತಿ. ಅದೂ ಅಲ್ದ ಕೊಲೈಟಿಸಿಗೆ ಮೆಸಲಮಿನ್ ಅಂತ ವರ್ಷಾನುಗಟ್ಟಲೆ ಪರೀಕ್ಷೆ ದಾಟಿ ಬಂದ ಗುಳಿಗಿ ಐತಿ, ಅದನ್ನ ಬಿಟ್ಟು ಇದನ್ನ ಹಿಡದ್ರ ಉಳದ ರೊಕ್ಕ ಆಮ್ಯಾಲೆ ದವಾಖಾನಿಗೆ ಕಟ್ಟಬೇಕಾಗ್ತೈತಿ. ಗುಳಿಗಿ ಜೋಡಿ ಮತ್ತೇನರ ತಗೋಬೇಕಂದ್ರ ಗ್ಯಾಸ್ಟ್ರೊ ಡಾಕ್ಟ್ರಿಗೆ ಹೇಳಿ ತಗೋರಿ ಅಂದೆ.

ಎಲ್‌ಎಲ್-37 ಮಜಾ ಐತಿ, ಅದು ನಮ್ಮ ಮೈಯಾಗ ಪುಕ್ಕಟೆ ತಯಾರಾಗ್ತೈತಿ. ಚರ್ಮ, ಗಂಟಲು, ಬಿಳೀ ರಕ್ತಕಣ ಇದನ್ನ ಮಾಡಿ ಬ್ಯಾಕ್ಟೀರಿಯಾದ ಮೈಗೆ ತೂತು ಹಾಕ್ತಾವ. 37 ಮಣಿ, ಮೊದಲಿನವೆರಡು ಲ್ಯೂಸಿನ್, ಅದಕ್ಕ ಆ ಹೆಸರು. ಇದರ ಜೀನ್ ಚಾಲೂ ಮಾಡೋ ಕೀಲಿಕೈಯೊಳಗ ಒಂದು ವಿಟಮಿನ್ ಡಿ. ಕಾಲಿನ ಹಳೇ ಹುಣ್ಣಿಗೆ ಹಚ್ಚಾಕ ಅಂತ 34 ಮಂದಿ ಮ್ಯಾಲೆ ನೋಡಿದಾಗ ಛಲೋ ಅನಸ್ತು, ಮುಂದ ಹೆಚ್ಚು ಮಂದಿ ಮ್ಯಾಲೆ ನೋಡಿದಾಗ ಒಟ್ಟಾರೆ ಹೇಳೋವಂಥಾ ಫರಕ ಬರಲಿಲ್ಲ. ಮತ್ತ ಆ ಎರಡ ಜೋಡಿ ನಂಬರಿನ ಕಥೀನ. ಆದ್ರ ಸೋರಿಯಾಸಿಸ್ ಇದ್ದೋರು ಕಿವಿ ಕೊಟ್ಟು ಕೇಳ್ರಿ: ನಿಮ್ಮ ಚರ್ಮದಾಗ ಎಲ್‌ಎಲ್-37 ಮೊದ್ಲ ಹೆಚ್ಚಿರ್ತೈತಿ, ಅದು ನಿಮ್ಮದ ಡಿಎನ್‌ಎ ಚೂರಿಗೆ ಅಂಟ್ಕೊಂಡು ಕಾವಲುಗಾರಗ "ಕಳ್ಳ ಬಂದಾನ" ಅಂತ ಸುಳ್ಳ ಬೊಬ್ಬಿ ಹೊಡಸ್ತೈತಿ ಅಂತ 2007ರಾಗ ತೋರಿಸ್ಯಾರ. ಸೋರಿಯಾಸಿಸ್ಸಿಗೆ "ಇಮ್ಯೂನ್ ಪೆಪ್ಟೈಡ್" ಅಂತ ಇದನ್ನ ಯಾರರ ಮಾರಾಕ ಬಂದ್ರ ಬೆಂಕಿಗೆ ಚಿಮಣಿ ಎಣ್ಣಿ ಮಾರಾಕ ಬಂದಂಗ.

ವಿಐಪಿ ಅಂದ್ರ ದೊಡ್ಡ ಮನಷ್ಯಾ ಅಲ್ರಿ, ಕರಳಿನ್ಯಾಗ ಸಿಕ್ಕ 28 ಮಣಿ ಪೆಪ್ಟೈಡು. ಔಷಧದ ಹೆಸರು ಅವಿಪ್ಟಡಿಲ್, ಕೊರೊನಾ ಟೈಮಿನ್ಯಾಗ ಭಾಳ ಹೆಸರು ಕೇಳಿತ್ತು, 2023ರಾಗ ದೊಡ್ಡ ಪರೀಕ್ಷೆಯೊಳಗ ಉಪಯೋಗ ಕಾಣಲಿಲ್ಲ. ಬಿಪಿ ಇಳಸ್ತೈತಿ, ಭೇದಿ ಹಚ್ಚತೈತಿ. ಮನ್ಯಾಗ ಕುಂತು ಆಡೋ ಸಾಮಾನಲ್ಲ. ಮುಂದ ಹೋಗೂಣು.

ಡಾಕ್ಟ್ರ ಹತ್ರ ಮೊದ್ಲ ಇರೋ ಪೆಪ್ಟೈಡ್

"ಇಂಗ್ಲಿಷ್ ಔಷಧ ಬ್ಯಾಡ್ರಿ, ಪೆಪ್ಟೈಡ್ ನ್ಯಾಚುರಲ್ಲು" ಅಂತ ಯಾರರ ಅಂದಾಗ ನಂಗ ನಗು ಬರ್ತೈತಿ. ಸೈಕ್ಲೊಸ್ಪೋರಿನ್ ಗೊತ್ತಲ್ಲ, ಕಿಡ್ನಿ ಬದಲಿ ಮಾಡಸ್ಕೊಂಡೋರು ತಗೊಳ್ಳೋದು? ಅದೂ ಪೆಪ್ಟೈಡ. 11 ಮಣಿ ಉಂಗುರದಂಗ ಕೂಡಿಸಿದ್ದು, ನಾರ್ವೆಯ ಮಣ್ಣಾಗಿನ ಒಂದ ಬೂಷ್ಟಿನಿಂದ ಸಿಕ್ಕಿದ್ದು, ಅಮೆರಿಕಾದಾಗ 1983ರಾಗ ಒಪ್ಪಿಗಿ ಆತು. ಉಂಗುರ ಆಗಿರೋದೂ ಒಂದ ಕಾರಣ, ಹೊಟ್ಟ್ಯಾಗ ಕರಗಂಗಿಲ್ಲ, ಬಾಯಿಲೆ ನಡೀತೈತಿ. ಜೋರು ಸೋರಿಯಾಸಿಸ್ಸಿಗೂ, ಸಂದುಬಾವಿಗೂ ಕೊಡ್ತಾರ, ಕಿಡ್ನಿ ಮತ್ತ ಬಿಪಿ ಮ್ಯಾಲೆ ಕಣ್ಣಿಟ್ಟು. ಅಂದ್ರ ಇಮ್ಯೂನಿಟಿಯನ್ನ ಖರೇನ ತಿರುವೋ ಪೆಪ್ಟೈಡಿಗೆ ರಕ್ತ ಪರೀಕ್ಷೆ ಕಾವಲು ಬೇಕಾಗ್ತೈತಿ. ಯಾವುದಕ್ಕ ಏನೂ ಸೈಡ್ ಇಫೆಕ್ಟ್ ಇಲ್ಲ ಅಂತಾರೋ ಅದು ಕೆಲಸಾನೂ ಮಾಡಾಕತ್ತಿಲ್ಲ ಅಂತ ನನ್ನ ಸಂಶೆ.

ಕೊಲ್ಯಾಜನ್ ಪೆಪ್ಟೈಡ್ ಡಬ್ಬಿ ಬಗ್ಗೆ ಕೇಳ್ತಾರ, ನಾನೂ ಮಾರ್ತೀನಿ, ಸುಳ್ಳ ಯಾಕ ಹೇಳಲಿ. ಅದು ತಿನ್ನೋ ಪ್ರೊಟೀನ್ ಪುಡಿ, ಮೊಣಕಾಲ ನೋವಿಗೆ ಕೆಲವರಿಗೆ ಜರಾ ಹಗರ ಅನಸ್ತೈತಿ. ಇಮ್ಯೂನಿಟಿಗೂ ಅದಕ್ಕೂ ಸಂಬಂಧ ಇಲ್ಲ.

ಯಾರಿಗೆ ಯಾವುದು, ರೊಕ್ಕ ಎಲ್ಲಿ ಹಾಕೋದು

ಕಾಕಾನಂಗ ವಯಸ್ಸಾಗಿ ಪದೇ ಪದೇ ಎದಿ ಸೋಂಕು ಆಗೋರು ಒಂದ ಪೆಪ್ಟೈಡ್ ಆರಸಲೇಬೇಕು ಅಂದ್ರ ಥೈಮೊಸಿನ್ ಆಲ್ಫಾ ಒಂದ ಮಾತಿಗೆ ಬರೋವಂಥಾದು, ಅದೂ ಡಾಕ್ಟ್ರ ಚೀಟಿ ಮ್ಯಾಲೆ, ಲೈಸೆನ್ಸಿನ ಬಾಟ್ಲಿ ಇದ್ರ. ಆದ್ರ ಅದ ರೊಕ್ಕದಾಗ ಮೊದ್ಲ ಏನೇನ್ ಬರ್ತೈತಿ ನೋಡ್ರಿ: ಫ್ಲೂ ಲಸಿಕಿ ಎರಡ ಸಾವಿರದ ಆಸುಪಾಸು, ನ್ಯುಮೊಕಾಕಲ್ ಲಸಿಕಿ ಅದರ ಎರಡ ಪಟ್ಟು ಹಿಡೀರಿ, ಶುಗರ್ ಪರೀಕ್ಷೆ (ಕಾಕಾ ಮೂರ ವರ್ಷ ಆತು ಮಾಡ್ಸಿದ್ದಿಲ್ಲ, ಶುಗರ್ ಏರಿದ್ರ ಸೋಂಕು ಪದೇ ಪದೇ ಬರ್ತೈತಿ), ಕಫದ ಟಿಬಿ ಪರೀಕ್ಷೆ ಸರ್ಕಾರಿ ದವಾಖಾನ್ಯಾಗ ಪುಕ್ಕಟೆ, ಘಾಟಿನ್ಯಾಗ ನಿಲ್ಲುವಾಗ ಒಂದ ಛಲೋ ಮಾಸ್ಕು. ಎಲ್ಲಾ ಕೂಡಿ ಹತ್ತು ಸಾವಿರ ದಾಟಂಗಿಲ್ಲ.

ಅಕ್ಕಾರಂಗ ಆಟೊಇಮ್ಯೂನ್ ಬ್ಯಾನಿ, ಅಂದ್ರ ಕಾವಲುಗಾರ ತನ್ನ ಮೈಯನ್ನ ಬಡ್ಯೋ ಬ್ಯಾನಿ ಇದ್ದೋರು ಏರಸೋ ಪೆಪ್ಟೈಡ್ ಕಡೆ ತಲಿ ಹಾಕಬ್ಯಾಡ್ರಿ, ಥೈಮೊಸಿನ್ ಆಲ್ಫಾ, ಎಲ್‌ಎಲ್-37 ಎರಡೂ ಬಂದ್. ಇಳಸೋದರೊಳಗ ಕೆಪಿವಿ ಇನ್ನೂ ಇಲಿ ದಾಟಿಲ್ಲ. ಮೆಥೊಟ್ರೆಕ್ಸೇಟ್ ಸೋವಿ ಗುಳಿಗಿ, ಅದಕ್ಕ ಮಂದಿಗೆ ಅದರ ಕಿಮ್ಮತ್ತು ಗೊತ್ತಾಗಂಗಿಲ್ಲ. ವಾಂತಿ ಬಂದಂಗ ಆಗ್ತೈತಿ, ಸುಸ್ತು ಅಂದ್ರ ಡಾಕ್ಟ್ರಿಗೆ ಹೇಳ್ರಿ, ಫೋಲಿಕ್ ಆಸಿಡ್ ಹೊಂದಸ್ತಾರ, ಗುಳಿಗಿ ಬದ್ಲಿ ಸೂಜಿ ಮಾಡ್ತಾರ, ಅದಕ್ಕೂ ಬಗ್ಗದಿದ್ರ ಬಯಾಲಜಿಕ್ ಅಂತ ತುಟ್ಟಿ ಸೂಜಿ ಅದಾವ, ಅವುಗಳ ಖರ್ಚು ಜಾಸ್ತಿ ಆದ್ರ ಪರೀಕ್ಷೆ ಪಾಸಾಗಿ ಬಂದಂಥಾವು. ಇದ್ದಷ್ಟು ರೊಕ್ಕ ಅಲ್ಲಿ ಹಾಕೋದು ಲೆಕ್ಕ.

ಗಾಯದ ಮಂದಿ, ಆಡೋರು ಇದ್ರ ಬಿಪಿಸಿ, ಟಿಬಿ-500 ಎರಡಕ್ಕೂ ಕೈ ಮುಗೀರಿ. ಆಡಂಗಿಲ್ಲ, ಸುಮ್ಮ ಜಿಮ್ಮಿಗೆ ಹೋಗ್ತೀನಿ ಅನ್ನೋರಿಗೆ ನಾ ತಡ್ಯಾಕಾಗಂಗಿಲ್ಲ, ಆದ್ರ ಮೊದ್ಲ ಮೂರ ತಿಂಗಳ ಫಿಸಿಯೋ ಮಾಡಿ ನೋಡ್ರಿ. ಅದನ್ನ ಮೀರಿ ಚುಚ್ಕೊಂಡ್ರಂದ್ರ, ಚುಚ್ಚಿದಲ್ಲಿ ಗಂಟಾಗಿ ಬಿಸಿ ಹತ್ತಿದ್ರ, ಚಳಿಜ್ವರ ಬಂದ್ರ, ಮುಖ ಊದಿ ಉಸರಾಡಾಕ ತ್ರಾಸಾದ್ರ ಸೀದಾ ದವಾಖಾನಿಗೆ ಓಡ್ರಿ, ಏನ್ ಚುಚ್ಕೊಂಡೀನಿ ಅಂತ ಮುಚ್ಚಿಡಬ್ಯಾಡ್ರಿ, ಖಾಲಿ ಬಾಟ್ಲಿ ಕೈಯಾಗ ಒಯ್ರಿ.

"ಬ್ಯಾನಿ ಏನಂತ ಗೊತ್ತಿಲ್ರಿ, ಸುಮ್ಮ ಇಮ್ಯೂನಿಟಿಗೆ" ಅನ್ನೋರು ಭಾಳ ಮಂದಿ. ಅವರಿಗೆ ನಾ ಏನೂ ಕೊಡಂಗಿಲ್ಲ. ಭಾಳ ಅಂದ್ರ ಸಿಬಿಸಿ (ರಕ್ತಕಣದ ಲೆಕ್ಕ), ಶುಗರ್, ಬಾವು ತೋರ್ಸೋ ಸಿಆರ್‌ಪಿ, ವಿಟಮಿನ್ ಡಿ ಮಾಡ್ಸಿ ಬರ್ರಿ ಅಂತೀನಿ. ಡಿ ಕಮ್ಮಿ ಬಂದ್ರ ಡಾಕ್ಟ್ರು ಬರದ ಕೊಡೋ 60 ಸಾವಿರ ಯೂನಿಟ್ಟಿನ ವಾರದ ಪುಡಿ ನಿಮ್ಮ ಮೈಯಾಗಿನ ಎಲ್‌ಎಲ್-37 ಕಾರ್ಖಾನಿಗೆ ಬೇಕಾಗೋ ಸಾಮಾನು, ಕಿಮ್ಮತ್ತು ಒಂದ ಪ್ಲೇಟ್ ಗಿರಮಿಟ್ಟು ಮಿರ್ಚಿಗಿಂತ ಜರಾ ಜಾಸ್ತಿ ಅಷ್ಟ. ದಿನಾ ನುಂಗಬ್ಯಾಡ್ರಿ ಮತ್ತ, ಜಾಸ್ತಿ ಆದ್ರ ಕ್ಯಾಲ್ಸಿಯಂ ಏರಿ ಬ್ಯಾರೆ ಪಂಚಾಯ್ತಿ.

ಕಾಕಾ ಎರಡೂ ಲಸಿಕಿ ಹಾಕ್ಸ್ಕೊಂಡ್ರು, ಶುಗರ್ 240 ಬಂತು, ಈಗ ಗುಳಿಗಿ ಚಾಲೂ ಐತಿ, ಪೇಢಾ ಬಿಡು ಅಂದಿದ್ದಕ್ಕ ನನ್ನ ಮ್ಯಾಲೆ ಸಿಟ್ಟದಾರ. ಅಕ್ಕಾರು ಮೆಥೊಟ್ರೆಕ್ಸೇಟ್ ಒಯ್ದಾರ, ತಂಗಿ ಮಗಾ ಫೋನ್ ಮಾಡಿ ನನಗ ಒಂದ ತಾಸು ಕ್ಲಾಸ್ ತಗೊಂಡ. ಪೈಲ್ವಾನ ಹುಡುಗ ಫಿಸಿಯೋ ನಂಬರ್ ಬರಸ್ಕೊಂಡು ಹೋದಾಂವ ಇನ್ನೂ ತಿರುಗಿ ಬಂದಿಲ್ಲ, ಮೊನ್ನೆ ಉಣಕಲ್ ಕೆರಿ ದಂಡಿ ಮ್ಯಾಲೆ ಓಡಾಕತ್ತಿದ್ದ, ಕೈ ಮಾಡ್ದ. ಯಾವ ಕೈ ಎತ್ತಿದ ಅಂತ ನೋಡೂದ ಮರತೆ.